ನೂರ ನಲವತ್ತೇಳನೆಯ ಟೆಸ್ಟು

ಆ ಬುಧವಾರ ಸಂಜೆ ಮಸ್ತೂರಾ ತನ್ನ ದಿನಚರಿಯಲ್ಲಿ ಬರೆದದ್ದು ಒಂದೇ ಸಾಲು. ‘ಇವತ್ತು ಒಂದು ಸಣ್ಣ ಕಳ್ಳತನ ಮಾಡಿದೆ, ನಾಲ್ಕು ಜನರೆದುರು ಮಾತಾಡಬೇಕಾಗುತ್ತಲ್ಲ ಅನ್ನುವ ಹೆದರಿಕೆಗೆ.’ ಬರೆದಾದ ಮೇಲೆ ಕಳ್ಳತನ ಅನ್ನುವ ಮಾತು ಅತಿಯಾಯಿತು ಅನಿಸಿತು. ಹೊಡೆದುಹಾಕಿ ‘ತಪ್ಪು’ ಎಂದು ಬರೆದಳು. ಅದೂ ಭಾರವಾಯಿತು. ಅದನ್ನೂ ಹೊಡೆದು, ಇನ್ನೇನು ಬರೆಯುವುದೆಂದು ತಿಳಿಯದೆ ಜಾಗ ಖಾಲಿ ಬಿಟ್ಟು, ಪುಸ್ತಕವನ್ನು ದಿಂಬಿನ ಕೆಳಗೆ ತಳ್ಳಿದಳು. ಯಾರದ್ದೂ ಏನನ್ನೂ ತೆಗೆದುಕೊಂಡಿರಲಿಲ್ಲ. ಸಾವಿರಾರು ಸಾಲುಗಳ ನಡುವೆ ಒಂದು ಪದ ಸೇರಿಸಿದ್ದಳು, ಅಷ್ಟೆ.

ಹೆದರಿಕೆಯಾದರೂ ಎಂಥದ್ದು? ಹೇಳಿದರೆ ಯಾರಾದರೂ ನಕ್ಕಾರು. ಬಯಾನ್ ಲೆಪಾಸ್ ಎಂಬ ಕೈಗಾರಿಕಾ ಊರಿನ ಆ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ, ಸಾಫ್ಟ್‌ವೇರಿನವರು ಕೂರುವ ಕಡೆ, ಕಬ್ಬಿಣದ ಬೀರುವಿನ ಮೇಲೆ ಒಂದು ದೀಪವಿತ್ತು. ಕೆಳಗಡೆ ಜೋಡಣೆಯ ಸಾಲಿನಲ್ಲಿ ಯಂತ್ರ ಕೆಟ್ಟಾಗ ಹೊತ್ತಿಕೊಳ್ಳುತ್ತದಲ್ಲ, ಅಂಥದೇ ಕೆಂಪು-ಹಸಿರು ದೀಪ. ಹಿರಿಯ ಇಂಜಿನಿಯರ್ ತವಮಣಿ ಎಂದೋ ಅದನ್ನು ಕೆಳಗಿನಿಂದ ಕಿತ್ತು ತಂದು, ಕಂಪ್ಯೂಟರಿಗೆ ತಂತಿ ಎಳೆದು ಕೂರಿಸಿದ್ದ. ಯಾರು ಪ್ರೋಗ್ರಾಮಿನ ಕೋಡು ಬದಲಿಸಿದರೂ ಅದನ್ನು ಪರೀಕ್ಷಿಸುವ ಟೆಸ್ಟುಗಳನ್ನು ಓಡಿಸಬೇಕಿತ್ತು. ಎಲ್ಲವೂ ಪಾಸಾದರೆ ಹಸಿರು, ಒಂದು ಫೇಲಾದರೂ ಕೆಂಪು. ಕೆಂಪು ಮಾಡಿದವರು ಮರುದಿನ ಬೆಳಿಗ್ಗೆ ಎಂಟೂವರೆಗೆ ಆ ದೀಪದ ಕೆಳಗೆ ನಿಂತು, ಹನ್ನೊಂದು ಜನರೆದುರು, ಏನಾಯಿತೆಂದು ಇಂಗ್ಲಿಷಿನಲ್ಲಿ ಹೇಳಬೇಕು. ಶಿಕ್ಷೆಯೇನೂ ಇಲ್ಲ. ನಗುತ್ತಾರೆ, ಯಾರೋ ಒಬ್ಬರು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು.

ಬೇರೆಯವರಿಗೆ ಮುಗಿಯುತ್ತಿತ್ತು. ಮಸ್ತೂರಾಳಿಗೆ ಹಾಗಲ್ಲ. ಕಾಲೇಜಿನ ಕೊನೆಯ ವರ್ಷದ ಮೌಖಿಕ ಪರೀಕ್ಷೆಯಲ್ಲಿ ತನ್ನ ಪ್ರಾಜೆಕ್ಟಿನ ಹೆಸರನ್ನೇ ಮರೆತು ಗೋಡೆ ನೋಡುತ್ತಾ ನಿಂತವಳು ಅವಳು. ಬಸ್ಸಿನಲ್ಲಿ ಇಳಿಯುವ ಗಂಟೆ ಒತ್ತಲು ನಾಚಿ, ಬೇರೆ ಯಾರಾದರೂ ಒತ್ತಿಯಾರೆಂದು ಕಾದು, ಎರಡು ಸ್ಟಾಪು ಮುಂದೆ ಇಳಿದು ನಡೆದು ಬಂದದ್ದೂ ಉಂಟು. ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಆ ದೀಪವನ್ನು ಅವಳು ಒಮ್ಮೆಯೂ ಕೆಂಪು ಮಾಡಿರಲಿಲ್ಲ. ಒಂದು ಸಾಲು ಬದಲಿಸಿದರೆ ಹತ್ತು ಸಲ ನೋಡಿಕೊಳ್ಳುತ್ತಿದ್ದಳು.

ಅವರ ಕಂಪನಿ ಮಾಡುತ್ತಿದ್ದದ್ದು ಆಸ್ಪತ್ರೆಗಳ ಸಿರಿಂಜು ಪಂಪು. ಮಂಚದ ಪಕ್ಕದ ಕಂಬಕ್ಕೆ ಕಚ್ಚಿಕೊಂಡು, ಸಿರಿಂಜಿನ ಹಿಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಳ್ಳುತ್ತಾ, ಗಂಟೆಗೆ ಇಷ್ಟೇ ಎಂದು ಲೆಕ್ಕ ಹಾಕಿ ರೋಗಿಯ ರಕ್ತಕ್ಕೆ ಔಷಧಿ ಹರಿಸುವ ಪೆಟ್ಟಿಗೆ. ಅದರೊಳಗಿನ ಉಗುರಿನಷ್ಟು ಚಿಪ್‌ನಲ್ಲಿ ಕೂತ ಕೋಡಿಗೆ ನಾನೂರ ಹನ್ನೆರಡು ಟೆಸ್ಟುಗಳಿದ್ದವು. ಒಂದೊಂದೂ ಒಂದು ಪುಟ್ಟ ಪ್ರಶ್ನೆ. ಕೊಳವೆ ಮಡಚಿಕೊಂಡರೆ ಕೂಗುತ್ತೀಯಾ? ಔಷಧಿ ಮುಗಿಯುವ ಐದು ನಿಮಿಷ ಮೊದಲೇ ಹೇಳುತ್ತೀಯಾ? ಬ್ಯಾಟರಿ ಹೋಗಿ ಬಂದರೆ ಲೆಕ್ಕ ಮರೆಯುವುದಿಲ್ಲ ತಾನೇ?

ಅವನ್ನೆಲ್ಲ ಎಂಟು ವರ್ಷದ ಹಿಂದೆ ಬರೆಯಲು ಶುರುಮಾಡಿದವನು ತವಮಣಿಯೇ. ಆಗ ಇದ್ದದ್ದು ಅವನೊಬ್ಬ, ಪಂಪಿನ ಸರ್ಕ್ಯೂಟ್ ಬೋರ್ಡು ಒಂದು. ಹಾಗಾಗಿ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ, ಆ ಬೋರ್ಡಿಗೆ ತುಂಬಿ, ಒಂದರ ಹಿಂದೊಂದು ಓಡಿಸುತ್ತಿದ್ದ. ಮುಗಿಯಲು ನಲವತ್ತು ನಿಮಿಷ. ಜನ ಹನ್ನೆರಡಾದರೂ ಬೋರ್ಡು ಒಂದೇ ಉಳಿದಿತ್ತು. ಬೆಳಿಗ್ಗೆ ಬಂದವರು ಸಲೂನಿನಲ್ಲಿ ಕಾಯುವವರ ಹಾಗೆ ಸರದಿ ಕಾಯುತ್ತಿದ್ದರು. ಕೆಲವರು ಕಾಯುವುದನ್ನೇ ಬಿಟ್ಟು, ವಾರಕ್ಕೊಮ್ಮೆ ಓಡಿಸಿ ಕೈ ತೊಳೆದುಕೊಳ್ಳುತ್ತಿದ್ದರು.

“ಮಸ್ತೂರಾ, ನಿಂಗೊಂದು ಕೆಲಸ,” ಎಂದು ಅವಳನ್ನು ಕರೆದವನು ತಿಯೋ ಬೂನ್ ಕಿಯಾತ್, ಎಲ್ಲರ ಬಾಯಲ್ಲಿ ಬಾಸ್ ತಿಯೋ. “ಈ ಟೆಸ್ಟುಗಳ ಗುಡ್ಡೆ ಇದೆಯಲ್ಲ, ಅದನ್ನ ಬಿಡಿಸಿ ನೀಟಾಗಿ ಜೋಡಿಸು. ಬೋರ್ಡ್ ಬೇಡ, ಕಂಪ್ಯೂಟರ್‌ನಲ್ಲೇ ಓಡಬೇಕು. ನಿಂಗೂ ಮಾತು ಕಮ್ಮಿ, ಇದೂ ಮಾತಿಲ್ಲದ ಕೆಲಸ. ಒಳ್ಳೆ ಜೋಡಿ.”

“ಬಾಸ್, ನನ್ನ ಎಂಟು ವರ್ಷದ ಸಂಸಾರ ಅದು,” ಅಂದ ತವಮಣಿ ಕುರ್ಚಿಯಿಂದಲೇ. “ಹುಷಾರು ತಂಗಚ್ಚಿ, ಒಂದು ಪಾತ್ರೆ ಎಳೆದ್ರೆ ಪೂರ್ತಿ ಅಡುಗೆಮನೆ ಮೈಮೇಲೆ ಬೀಳುತ್ತೆ.”

“ಪರವಾಗಿಲ್ಲ ಅಣ್ಣೆ,” ಅಂದಳು ಅವಳು, ಯಾರಿಗೂ ಕೇಳಿಸದ ಹಾಗೆ.

ಏಳು ವಾರ ಹಿಡಿಯಿತು. ಅವಳ ಬದುಕಿನಲ್ಲೇ ಅಷ್ಟು ಸುಖದ ಏಳು ವಾರ ಇರಲಿಲ್ಲ. ಮೋಟಾರಿನ ಟೆಸ್ಟುಗಳನ್ನು ಒಂದು ಕಡೆ ಇಟ್ಟಳು, ಅಲಾರಮ್ಮಿನವನ್ನು ಒಂದು ಕಡೆ, ಬ್ಯಾಟರಿಯವನ್ನು ಇನ್ನೊಂದು ಕಡೆ. ನಿಜವಾದ ಮೋಟಾರಿನ ಬದಲು ಮೋಟಾರಿನ ಹಾಗೆ ಉತ್ತರ ಕೊಡುವ ನಾಲ್ಕು ಸಾಲು ಬರೆದಳು. ನಿಜವಾದ ಬ್ಯಾಟರಿಯ ಬದಲು ಇನ್ನು ನಾಲ್ಕು. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಟೆಸ್ಟೂ ಬೇರೆ ಯಾವುದರ ಹಂಗೂ ಇಲ್ಲದೆ ಒಂಟಿಯಾಗಿ ಓಡುವಂತೆ ಮಾಡಿದಳು. ಹಳೆಯ ಮೂಟೆಯಲ್ಲಿ ಅದಿರಲಿಲ್ಲ. ಒಂದು ತರಗತಿಯ ಮೇಷ್ಟರು ಕರಿಹಲಗೆ ಒರೆಸದೆ ಹೋದರೆ ಮುಂದಿನ ತರಗತಿಯವರಿಗೆ ಅಲ್ಲಿದ್ದದ್ದು ಕಾಣುತ್ತದಲ್ಲ, ಹಾಗೆ ಒಂದು ಟೆಸ್ಟು ಬಿಟ್ಟುಹೋದ ಅಂಕಿಗಳು ಮುಂದಿನದರ ಕಣ್ಣಿಗೆ ಬೀಳುತ್ತಿದ್ದವು. ಈಗ ಪ್ರತಿಯೊಂದಕ್ಕೂ ಒರೆಸಿದ ಹಲಗೆ.

ಬುಧವಾರ ಮಧ್ಯಾಹ್ನ ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗ ಹನ್ನೊಂದು ಸೆಕೆಂಡಿನಲ್ಲಿ ಮುಗಿಯಿತು. ನಾನೂರ ಹನ್ನೊಂದು ಪಾಸು. ಒಂದು ಫೇಲು.

ನೂರ ನಲವತ್ತೇಳನೆಯದು. ಎಂಟು ತಿಂಗಳ ಹಿಂದೆ ಬ್ಯಾಟರಿಯವುಗಳ ನಡುವೆ ಹೊಸದಾಗಿ ಸೇರಿಸಿದ್ದು. ಪಂಪು ನಡೆಯುತ್ತಿರುವಾಗ ಬ್ಯಾಟರಿ ಸತ್ತು, ನರ್ಸು ಬೇರೆ ಅಳತೆಯ ಸಿರಿಂಜು ಹಾಕಿ, ಹೊಸ ಬ್ಯಾಟರಿ ಕೂರಿಸಿದರೆ, ಮೋಟಾರು ಹೊಸ ಸಿರಿಂಜಿನ ಅಳತೆಯನ್ನೇ ಹಿಡಿಯುತ್ತದೆಯೇ ಎಂಬುದು ಆ ಪ್ರಶ್ನೆ. ಐವತ್ತು ಮಿಲಿಲೀಟರ್ ಎಂದು ಉತ್ತರ ಬರಬೇಕಾದಲ್ಲಿ ಇಪ್ಪತ್ತು ಬರುತ್ತಿತ್ತು.

ಹಳೆಯ ಮೂಟೆಯಲ್ಲಿ ಇದೇ ಟೆಸ್ಟು ದಿನವೂ ಪಾಸಾಗುತ್ತಿತ್ತು. ಅಂದಮೇಲೆ ತಪ್ಪು ತನ್ನ ಜೋಡಣೆಯಲ್ಲೇ ಎಂದುಕೊಂಡಳು ಮಸ್ತೂರಾ. ಯಾವಾಗಲೂ ಹಾಗೆಯೇ ಅಂದುಕೊಳ್ಳುವವಳು ಅವಳು. ಸಂಜೆಯವರೆಗೆ ಹುಡುಕಿದಳು, ಸಿಗಲಿಲ್ಲ. ಶುಕ್ರವಾರ ಹೊರಗಿನಿಂದ ತಪಾಸಣೆಯವರು ಬರುವವರಿದ್ದರು. ಗುರುವಾರ ಬೆಳಿಗ್ಗೆ ದೀಪವನ್ನು ಹಳೆಯ ಮೂಟೆಯಿಂದ ಬಿಡಿಸಿ ಅವಳ ಜೋಡಣೆಗೆ ಕಟ್ಟುವುದೆಂದು ಗೊತ್ತಾಗಿತ್ತು. ಕಟ್ಟಿದ ಕ್ಷಣ ಕೆಂಪು. ಆಮೇಲೆ ಅದರ ಕೆಳಗೆ ಅವಳು, ಎದುರಿಗೆ ಹನ್ನೊಂದು ಮುಖ.

ಆ ಟೆಸ್ಟಿನ ತಲೆಯ ಮೇಲೆ ‘ಇಗ್ನೋರ್’ ಎಂಬ ಗುರುತು ಹಾಕಿ, ಪಕ್ಕದಲ್ಲಿ ‘ಆಮೇಲೆ ನೋಡುವುದು’ ಎಂದು ಟಿಪ್ಪಣಿ ಬರೆದಳು. ಹಾಗೆ ಗುರುತು ಹಾಕಿದ್ದನ್ನು ಕಂಪ್ಯೂಟರು ಓಡಿಸದೆ ದಾಟಿ ಹೋಗುತ್ತದೆ. ನಾನೂರ ಹನ್ನೊಂದು ಪಾಸು, ಸೊನ್ನೆ ಫೇಲು, ಒಂದು ಇಗ್ನೋರ್. ದೀಪಕ್ಕೆ ಗೊತ್ತಿದ್ದದ್ದು ಫೇಲಿನ ಲೆಕ್ಕ ಮಾತ್ರ. ಮರುದಿನ ಕಟ್ಟಿದಾಗ ಅದು ಹಸಿರಾಯಿತು.

ಶುಕ್ರವಾರ ಬಾಸ್ ತಿಯೋ ತಪಾಸಣೆಯವರನ್ನು ಅವಳ ಮೇಜಿನ ಸುತ್ತ ನಿಲ್ಲಿಸಿಕೊಂಡು, “ನಲವತ್ತು ನಿಮಿಷದ್ದು ಹನ್ನೊಂದು ಸೆಕೆಂಡಿಗೆ ಬಂದಿದೆ ನೋಡಿ. ಮಾಡಿದ್ದು ಈ ಹುಡುಗಿ. ಮಾತಾಡ್ಸೋಕೆ ಹೋಗ್ಬೇಡಿ, ಹೆದರ್ಕೋತಾಳೆ!” ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ತವಮಣಿ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದ. ‘ಒಂದು ಉಳಿದಿದೆ’ ಎಂದು ಹೇಳಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಕೇಕು ಬಂತು.

ಎರಡು ವಾರಕ್ಕೆ ಪಂಪಿನ ಕೋಡಿನ ಹೊಸ ಆವೃತ್ತಿ ಆಸ್ಪತ್ರೆಗಳಿಗೆ ಹೋಯಿತು. ಮಸ್ತೂರಾಳಿಗೆ ಬೇರೆ ಕೆಲಸ ಕೊಟ್ಟರು. ದಿನಚರಿಯಲ್ಲಿ ಮೂರು ಕಡೆ ‘೧೪೭ ನೋಡಬೇಕು’ ಎಂದು ಬರೆದಿದ್ದಾಳೆ. ನಾಲ್ಕನೆಯ ಸಲ ಬರೆಯಲಿಲ್ಲ. ಎದುರಿಗೆ ದಿನವೂ ಹಸಿರು ಉರಿಯುತ್ತಿರುವಾಗ ಒಂದು ಗುರುತನ್ನು ಮರೆಯುವುದು ಎಷ್ಟು ಹೊತ್ತಿನ ಕೆಲಸ.

ದೂರು ಬಂದದ್ದು ಮೂರು ತಿಂಗಳ ಮೇಲೆ, ಒಂದು ಸೋಮವಾರ. ಬಾಸ್ ತಿಯೋ ಬೆಳಗಿನ ಸಭೆಯಲ್ಲಿ ನಿಂತೇ ಓದಿದ. ಕೆಡಾ ಕಡೆಯ ಒಂದು ಸಣ್ಣ ಸರಕಾರಿ ಆಸ್ಪತ್ರೆ. ಹೊಟ್ಟೆಯ ಆಪರೇಷನ್ ಆದ ಐವತ್ತೆಂಟು ವರ್ಷದ ಹೆಂಗಸು, ಸೌದಾ. ನೋವಿಗೆ ಮಾರ್ಫಿನ್ ಹೋಗುತ್ತಿತ್ತು. ಮಧ್ಯಾಹ್ನ ಬ್ಯಾಟರಿ ಮುಗಿದು ಪಂಪು ನಿಂತಿದೆ. ಸಿರಿಂಜೂ ಮುಗಿಯುತ್ತಾ ಬಂದಿತ್ತು. ನರ್ಸು ಎರಡನ್ನೂ ಬದಲಿಸಿ ಹೋಗಿದ್ದಾಳೆ. ಒಂದೂವರೆ ಗಂಟೆಯ ಮೇಲೆ ಬಂದು ನೋಡಿದರೆ ಹೆಂಗಸಿನ ಉಸಿರು ನಿಂತಿದೆ. ಹೋಗಬೇಕಾದದ್ದರ ಎರಡರಷ್ಟು ಔಷಧಿ ಹೋಗಿದೆ.

“ಪಂಪಿನ ದಾಖಲೆ ತೆಗೆಸಿ ನೋಡಿದೆ,” ಅಂದ ಬಾಸ್. “ಸಿರಿಂಜಿನ ಅಳತೆ ಇಪ್ಪತ್ತು ಅಂತಿದೆ. ಆ ನರ್ಸ್ ಮಿಸ್ಸಿ ಹಾಕಿದ್ದು ಐವತ್ತರದ್ದು, ಒತ್ತಿದ್ದು ಇಪ್ಪತ್ತು. ಮುಗೀತು ಕಥೆ.”

“ಅವರೇನಂತಾರೆ?” ಕೇಳಿದ ತವಮಣಿ.

“ಐವತ್ತೇ ಒತ್ತಿದ್ದು ಅಂತಾರೆ. ಅಲಾಮಾಕ್, ಅಯ್ಯೋ, ಯಾರು ತಾನೆ ನಾನೇ ತಪ್ಪು ಒತ್ತಿದೆ ಅಂತಾರೆ? ಮುಂದಿನ ಗುರುವಾರ ವಿಚಾರಣೆ ಇದೆ. ಮಸ್ತೂರಾ, ನೀನು ನನ್ನ ಜೊತೆ ಬಾ. ಲ್ಯಾಪ್‌ಟಾಪ್ ತಗೊಂಡು ಬಾ. ಅವರ ಕಣ್ಣೆದುರಿಗೇ ಓಡ್ಸಿ ತೋರ್ಸೋಣ, ಹನ್ನೊಂದು ಸೆಕೆಂಡು.”

“ಬಾಸ್, ನಾನು... ಮಾತಾಡೋಕೆ...”

“ಮಾತು ನಂದು ಬಿಡು. ನೀನು ಒಂದು ಬಟನ್ ಒತ್ತು, ಸಾಕು.”

ಯಾರೋ ನಕ್ಕರು. ಮಸ್ತೂರಾಳಿಗೆ ಕೇಳಿಸಲಿಲ್ಲ. ಐವತ್ತು, ಇಪ್ಪತ್ತು. ಈ ಎರಡು ಅಂಕಿಗಳನ್ನು ಹೀಗೇ ಒಟ್ಟಿಗೆ ಎಲ್ಲಿ ಕಂಡಿದ್ದೆನೆಂದು ಅವಳು ನೆನಪು ಮಾಡಿಕೊಳ್ಳಬೇಕಾಗಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ನಾಸಿ ಕಂದಾರ್ ತಿನ್ನಲು ಇಳಿದು ಹೋದಾಗ ಅವಳು ಗುರುತು ತೆಗೆದು ಟೆಸ್ಟು ಓಡಿಸಿದಳು. ಫೇಲು. ಈ ಸಲ ತನ್ನ ಜೋಡಣೆಯಲ್ಲಿ ತಪ್ಪು ಹುಡುಕಲಿಲ್ಲ. ಪಂಪಿನ ಕೋಡನ್ನೇ ತೆರೆದು ಓದಿದಳು. ನರ್ಸು ಒತ್ತಿದ ಅಳತೆ ಪರದೆಗೆ ಹೋಗುತ್ತಿತ್ತು. ಮೋಟಾರು ನೋಡುತ್ತಿದ್ದದ್ದು ಬೇರೆ ಒಂದು ಜಾಗ. ಸಾಮಾನ್ಯವಾಗಿ ಎರಡೂ ಕಡೆ ಒಂದೇ ಅಂಕಿ ಬರೆಯಲಾಗುತ್ತಿತ್ತು. ಬ್ಯಾಟರಿ ನಡುವೆ ಸತ್ತು ಬಂದಾಗ ಮಾತ್ರ ಎರಡನೆಯ ಜಾಗದಲ್ಲಿ ಹಳೆಯ ಸಿರಿಂಜಿನ ಅಳತೆಯೇ ಉಳಿದುಬಿಡುತ್ತಿತ್ತು. ದಾಖಲೆಯೂ ಬರೆದುಕೊಳ್ಳುತ್ತಿದ್ದದ್ದು ಆ ಎರಡನೆಯದನ್ನೇ. ಹಳೆಯ ಮೂಟೆಯಲ್ಲಿ ಅದು ಹೇಗೆ ಪಾಸಾಗುತ್ತಿತ್ತು ಎಂಬುದೂ ಸಿಕ್ಕಿತು. ಅದಕ್ಕಿಂತ ಮೊದಲು ಓಡುತ್ತಿದ್ದ ನೂರ ನಲವತ್ತಾರನೆಯದು ತನ್ನ ಕೆಲಸಕ್ಕೆಂದು ಅದೇ ಜಾಗದಲ್ಲಿ ಐವತ್ತು ಎಂದು ಬರೆದು, ಒರೆಸದೆ ಹೋಗುತ್ತಿತ್ತು. ಎಂಟು ತಿಂಗಳು ಅಲ್ಲಿ ಅಡಗಿದ್ದ ತಪ್ಪನ್ನು ಮೊದಲ ಸಲ ಬೆಳಕಿಗೆ ತಂದದ್ದು ಅವಳ ಜೋಡಣೆ. ತಂದ ದಿನವೇ ಅವಳು ಅದರ ಮೇಲೆ ಬಟ್ಟೆ ಹೊದಿಸಿದ್ದಳು.

ಇನ್ನೂ ನಂಬಿಕೆ ಬಾರದೆ ಕಪಾಟಿನಿಂದ ನಿಜವಾದ ಪಂಪೊಂದನ್ನು ತೆಗೆದಳು. ಇಪ್ಪತ್ತರ ಸಿರಿಂಜು ಹಾಕಿ ನಡೆಸಿದಳು, ನಡುವೆಯೇ ಬ್ಯಾಟರಿ ಕಿತ್ತಳು. ಐವತ್ತರದಕ್ಕೆ ನೀರು ತುಂಬಿ ಕೂರಿಸಿ, ಹೊಸ ಬ್ಯಾಟರಿ ಹಾಕಿ, ಐವತ್ತು ಎಂದು ಒತ್ತಿದಳು. ಹತ್ತು ನಿಮಿಷಕ್ಕೆ ಹತ್ತು ಮಿಲಿಲೀಟರ್ ಬೀಳಬೇಕು. ಅಳತೆಯ ಗಾಜಿನ ಕೆಳಗೆ ಬಿಳಿ ಕಾಗದ ಇಟ್ಟು ಕೂತಳು. ತೆಳ್ಳನೆಯ ಸಿರಿಂಜನ್ನು ತಳ್ಳುವ ವೇಗದಲ್ಲಿ ದಪ್ಪ ಸಿರಿಂಜನ್ನು ತಳ್ಳುತ್ತಿತ್ತು ಪಂಪು. ಪರದೆಯ ಮೇಲೆ ಮಾತ್ರ ‘೫೦’ ಎಂದು ಸೌಮ್ಯವಾಗಿ ಬೆಳಗುತ್ತಿತ್ತು. ಗಾಜಿನಲ್ಲಿ ನೀರು ಹತ್ತನ್ನು ದಾಟಿತು, ಹದಿನೈದನ್ನು ದಾಟಿತು. ಇಪ್ಪತ್ತೊಂದರ ಗೆರೆಗೆ ಬಂದಾಗ ಹತ್ತು ನಿಮಿಷವಾಯಿತು.

“ಏನು ತಂಗಚ್ಚಿ, ಊಟ ಬಿಟ್ಟು ನೀರಾಟ?” ತವಮಣಿ ಅವಳಿಗೆಂದು ಕಟ್ಟಿಸಿ ತಂದ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಅವಳು ಗಾಜಿನ ಕಡೆ ಬೆರಳು ತೋರಿಸಿದಳು. ಆಮೇಲೆ ಪರದೆಯ ಕಡೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕೆಂಪಾಗಿದ್ದ ಸಾಲಿನ ಕಡೆ. ಅವನು ಒಂದೊಂದನ್ನೂ ನೋಡಿದ. ಕುರ್ಚಿ ಎಳೆದು ಕೂತ. ಮುಖದ ನಗು ಎಲ್ಲಿ ಹೋಯಿತೋ.

“ಎಂದಿನಿಂದ ಗೊತ್ತು ನಿಂಗೆ?”

“ಫೇಲಾಗುತ್ತೆ ಅಂತ ಮೂರು ತಿಂಗಳ ಹಿಂದೇನೇ. ಯಾಕೆ ಅಂತ ಇವತ್ತು.”

“ಹೇಳ್ಬೇಕಿತ್ತಲ್ಲಮ್ಮ.”

“ಹೇಳ್ಬೇಕಿತ್ತು.”

ತವಮಣಿ ಹಣೆ ಒತ್ತಿಕೊಂಡ. “ನಾನೇ ಹಾಗೆ ಒಂದರ ಬಾಲಕ್ಕೆ ಒಂದು ಕಟ್ಟಿದ್ದು. ಆ ನೂರ ನಲವತ್ತಾರು ಒರೆಸದೆ ಹೋಗೋದು ನನ್ನ ಕೈಬರಹ. ನೀನೊಬ್ಳೇ ಅಂತ ತಿಳ್ಕೋಬೇಡ.”

“ಎಷ್ಟು ಪಂಪು ಹೊರಗಿವೆ ಅಣ್ಣೆ, ಈ ಆವೃತ್ತಿದು?”

“ಆರ್ನೂರ ಚಿಲ್ಲರೆ.”

ಪಂಪು ಇನ್ನೂ ತಳ್ಳುತ್ತಲೇ ಇತ್ತು. ತವಮಣಿಯೇ ಕೈ ಚಾಚಿ ಅದನ್ನು ನಿಲ್ಲಿಸಿದ.

ಬಾಸ್ ತಿಯೋಗೆ ಹೇಳಲು ತವಮಣಿಯೇ ಹೋದ. ಗಾಜಿನ ಕೋಣೆಯೊಳಗೆ ಇಬ್ಬರೂ ಅರ್ಧ ಗಂಟೆ ಮಾತಾಡಿದ್ದು ಅವಳಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಒಮ್ಮೆ ಬಾಸ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ಒಮ್ಮೆ ತವಮಣಿ ಮೇಜು ಬಡಿದ. ಹೊರಗೆ ಬಂದಾಗ ಅವನು ಅವಳ ಮುಖ ನೋಡಲಿಲ್ಲ.

“ಗುರುವಾರ ಮುಗೀಲಿ ಅಂತಾರೆ. ತಿದ್ದಿದ ಆವೃತ್ತಿ ಮುಂದಿನ ತಿಂಗಳು ಸದ್ದಿಲ್ದೆ ಹೋಗುತ್ತಂತೆ. ಈಗ ಬಾಯಿ ಬಿಟ್ರೆ ಪಂಪುಗಳನ್ನೆಲ್ಲ ವಾಪಸ್ ತರಿಸ್ಬೇಕು, ಕಾರ್ಖಾನೆ ಮುಚ್ಚುತ್ತೆ, ಕೆಳಗೆ ನೂರ ಎಂಬತ್ತು ಜನ ಕೂತಿದಾರೆ ಅಂತಾರೆ. ಆ ಮಿಸ್ಸಿಗೆ ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಡ್ತಾರಂತೆ, ಜಾಸ್ತಿ ಏನೂ ಆಗಲ್ವಂತೆ.”

“ನೀವೇನಂದ್ರಿ?”

“ಏನನ್ಲಿ. ಅನ್ನೋದೆಲ್ಲ ಅಂದೆ, ಕೇಳ್ಲಿಲ್ಲ.” ಅವನು ತನ್ನ ಮೇಜಿನ ಮೇಲಿದ್ದ ಪೆನ್ನುಗಳನ್ನು ಸುಮ್ಮನೆ ನೆಟ್ಟಗೆ ಜೋಡಿಸತೊಡಗಿದ. “ಆ ಗುರುತು ವಾಪಸ್ ಹಾಕು ಅಂದ್ರು.”

ಅವಳು ಹಾಕಿದಳು. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಮೊದಲ ಸಲ ಹಾಕಿದಾಗ ಅದರ ಹಿಂದೆ ಏನಿದೆ ಎಂದು ತಿಳಿದಿರಲಿಲ್ಲ. ಈ ಸಲ ಅದರ ಹಿಂದೆ ಒಬ್ಬ ಹೆಂಗಸು ಉಸಿರು ನಿಂತು ಮಲಗಿದ್ದಳು. ಅಂದು ಸಂಜೆ ದಿನಚರಿ ತೆರೆದು ಬಹಳ ಹೊತ್ತು ಕೂತಳು. ಯಾರಿಗೂ ಕೇಳಿಸದಂತೆ ಬರೆದಿಡುವುದೂ ಒಂದು ಬಗೆಯಲ್ಲಿ ಆ ಗುರುತೇ ಅಲ್ಲವೇ ಅನಿಸಿ, ಒಂದಕ್ಷರವೂ ಬರೆಯದೆ ಮುಚ್ಚಿದಳು. ಸುಂಗೈ ಆರಾ ಬಡಾವಣೆಯ ಅವಳ ಬಾಡಿಗೆ ಕೋಣೆಯ ಕಿಟಕಿಯಿಂದ, ಪಾಳಿ ಮುಗಿಸಿ ಬಸ್ಸಿನಿಂದ ಇಳಿಯುವ ಕಾರ್ಖಾನೆಯ ಹೆಂಗಸರು ಕಾಣುತ್ತಿದ್ದರು. ನೂರ ಎಂಬತ್ತು ಜನರಲ್ಲಿ ಅವರೂ ಸೇರಿದ್ದರು. ಅವರಲ್ಲಿ ಇಬ್ಬರು ಅವಳ ಜೊತೆಗೇ ಅದೇ ಮನೆಯಲ್ಲಿ ಇದ್ದವರು. ಒಳಗೆ ಬಂದು, “ಮಸ್, ಅನ್ನಕ್ಕೆ ನೀರಿಟ್ಟಿದೀಯೇನೇ, ಇಲ್ಲ ಇವತ್ತೂ ಬರೀ ಬರೆಯೋದೇನಾ?” ಎಂದು ಎಂದಿನಂತೆ ರೇಗಿಸಿದರು. ಅವರ ಮುಖ ನೋಡಲಾಗದೆ ಅವಳು ಅಕ್ಕಿ ತೊಳೆಯಲು ಹೋದಳು.

ಗುರುವಾರ ಬಾಸ್ ತಿಯೋನ ಕಾರಿನಲ್ಲಿ ಸೇತುವೆ ದಾಟಿ ಉತ್ತರಕ್ಕೆ ಹೊರಟರು. ದಾರಿಯುದ್ದಕ್ಕೂ ಅವನು ತನ್ನ ಮಾತುಗಳನ್ನು ಒತ್ತಿ ಒತ್ತಿ ಅಭ್ಯಾಸ ಮಾಡುತ್ತಿದ್ದ. ನಡುವೆ ಒಮ್ಮೆ ನಿಲ್ಲಿಸಿ ಅವಳಿಗೆ ಬಿಸಿ ಮಿಲೋ ಕೊಡಿಸಿದ. ಕೆಟ್ಟ ಮನುಷ್ಯನಲ್ಲ ಅವನು. “ನಂಗೂ ನಿದ್ದೆ ಬಂದಿಲ್ಲ ಮಸ್ತೂರಾ,” ಅಂದ, ರಸ್ತೆ ನೋಡುತ್ತಾ. “ಇವತ್ತೊಂದು ದಿನ. ಆಮೇಲೆ ಎಲ್ಲಾ ಸರಿ ಮಾಡೋಣ.”

ಆಸ್ಪತ್ರೆಯ ಸಭೆಯ ಕೋಣೆ ಚಿಕ್ಕದು. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ವಿಚಾರಣೆ ನಡೆಸುವ ವಯಸ್ಸಾದ ಡಾಕ್ಟರು, ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತೆ. ಇನ್ನೊಂದು ತುದಿಯಲ್ಲಿ, ಸಮವಸ್ತ್ರ ಹಾಕುವ ಹಾಗಿಲ್ಲದ್ದರಿಂದ ಮನೆಯ ಉಡುಪಿನಲ್ಲಿ, ಮಡಿಲಲ್ಲಿ ಕೈಚೀಲ ಅವುಚಿಕೊಂಡು ಕೂತ ನಡುವಯಸ್ಸಿನ ನರ್ಸು, ರುಸ್ನಾನಿ. ಮಸ್ತೂರಾಳಿಗೆ ಕುರ್ಚಿ ಸಿಕ್ಕಿದ್ದು ಅವಳ ಪಕ್ಕದಲ್ಲೇ.

“ಬಾ ಮಗಳೇ, ಕೂತ್ಕೋ. ಆ ಎ.ಸಿ. ನೇರ ತಲೆಗೇ ಹೊಡೆಯುತ್ತೆ, ಈ ಕಡೆ ಸರ್ಕೋ,” ಅಂದಳು ರುಸ್ನಾನಿ. ಮಸ್ತೂರಾಳ ಊರಿನ ಮಾತೇ, ಅವಳ ಅಮ್ಮನ ರಾಗವೇ. “ಯಾವೂರು ನಿಂದು?”

“ಸಿಕ್, ಕಾಕ್,” ಅಂದಳು ಮಸ್ತೂರಾ, ಊರಿನಲ್ಲಿ ಅಕ್ಕಂದಿರನ್ನು ಕರೆಯುವ ಹಾಗೆ.

“ಓ, ನಮ್ಮ ಕಡೆಯವ್ಳೇ!” ಎಂದು ಅವಳು ನಕ್ಕಳು. ತಾನು ಎಲ್ಲಿ ಕೂತಿದ್ದೇನೆಂದು ನೆನಪಾಗಿ ಆ ನಗು ಅರ್ಧಕ್ಕೇ ನಿಂತಿತು.

ಬಾಸ್ ತಿಯೋ ಎದ್ದು ನಿಂತು ಮಾತಾಡಿದ. ಪಂಪಿನ ದಾಖಲೆಯ ಪ್ರತಿ ಕೊಟ್ಟ. ಅಳತೆ ಇಪ್ಪತ್ತು ಎಂಬಲ್ಲಿ ಹಳದಿ ಗೆರೆ ಎಳೆದಿತ್ತು. “ನಮ್ಮ ಸಾಫ್ಟ್‌ವೇರಿಗೆ ನಾನೂರ ಹನ್ನೆರಡು ಟೆಸ್ಟು ಇವೆ ಡಾಕ್ಟರ್. ಬ್ಯಾಟರಿ ಬದಲಿಸೋದಕ್ಕೂ ಇದೆ. ಈಗಲೇ ನಿಮ್ಮೆದುರಿಗೇ ಓಡಿಸ್ತೀವಿ,” ಎಂದು ಅವಳ ಕಡೆ ತಿರುಗಿದ.

ಮಸ್ತೂರಾ ಬಟನ್ ಒತ್ತಿದಳು. ಹನ್ನೊಂದು ಸೆಕೆಂಡು ಅಷ್ಟು ಉದ್ದ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಹೆಸರುಗಳು ಸರಸರನೆ ಹರಿದು, ಕೊನೆಗೆ ಹಸಿರು ಪಟ್ಟಿ ಬಂತು. ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ‘ಇಗ್ನೋರ್: ೧’. ಡಾಕ್ಟರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಹಸಿರನ್ನು ನೋಡಿದರು.

“ಅಂದ್ರೆ ಪಂಪು ಸರಿ ಇದೆ.”

“ಎಲ್ಲಾ ಹಸಿರು, ಡಾಕ್ಟರ್,” ಅಂದ ಬಾಸ್. ಸುಳ್ಳು ಹೇಳಿರಲಿಲ್ಲ ಅವನು. ಹಸಿರೇ ಇತ್ತು.

ಡಾಕ್ಟರು ರುಸ್ನಾನಿಯ ಕಡೆ ತಿರುಗಿದರು. ಅವರ ದನಿಯಲ್ಲಿ ಕಾಠಿಣ್ಯವಿರಲಿಲ್ಲ, ದಣಿವಿತ್ತು. “ಮಿಸ್ಸಿ, ಪೊಲೀಸರಿಗೆ ಕಳಿಸೋ ಮುಂಚೆ ಕೇಳ್ತಿದೀನಿ. ಇನ್ನೇನಾದ್ರೂ ಹೇಳೋದಿದೆಯಾ?”

ಪೊಲೀಸರು. ಎಚ್ಚರಿಕೆ ಪತ್ರವಲ್ಲ. ಮಸ್ತೂರಾ ಬಾಸ್ ತಿಯೋನನ್ನು ನೋಡಿದಳು. ಅವನು ಹಳದಿ ಗೆರೆ ಎಳೆದ ಕಾಗದವನ್ನು ನೋಡುತ್ತಿದ್ದ.

ರುಸ್ನಾನಿ ಕೈಚೀಲದ ಬಾರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. “ಇಪ್ಪತ್ತೆರಡು ವರ್ಷ ಆಯ್ತು ಡಾಕ್ಟ್ರೇ ಈ ಕೆಲಸಕ್ಕೆ ಬಂದು. ಐವತ್ತು ಅಂತಾನೇ ಒತ್ತಿದ್ದು ಅಂತ ಇಷ್ಟು ದಿನ ಹೇಳಿದೆ. ಪರದೆ ನೋಡ್ದೆ, ಐವತ್ತು ಅಂತಿತ್ತು. ಸೌದಾನೂ ಮಾತಾಡ್ತಿದ್ರು, ನಾಳಿದ್ದು ಮನೆಗೆ ಬಿಡ್ತೀರಲ್ಲ ಮಿಸ್ಸಿ, ನನ್ನ ಬಾತುಕೋಳಿಗಳಿಗೆ ನಮ್ಮನೆಯವ್ರು ಸರಿಯಾಗಿ ಕಾಳು ಹಾಕಲ್ಲ, ಅಂತ. ನಾನು ನಗ್ತಾ ಇದ್ದೆ. ನಗ್ತಾ ಇದ್ದೆ ಅಲ್ವಾ? ಆ ನಗುವಲ್ಲಿ ಕೈ ತಪ್ಪಿತೇನೋ.”

“ನೀವು ಖಚಿತವಾಗಿ ಹೇಳ್ಬೇಕು.”

“ಮೂರು ವಾರದಿಂದ ರಾತ್ರಿ ಹಗಲು ಅದೇ ಬಟನ್ ಒತ್ತುತಾ ಇದೀನಿ ಡಾಕ್ಟ್ರೇ, ಮನಸಲ್ಲಿ. ಒಂದೊಂದ್ಸಲ ಐವತ್ತು ಒತ್ತುತೀನಿ, ಒಂದೊಂದ್ಸಲ ಇಪ್ಪತ್ತು ಒತ್ತುತೀನಿ. ಈಗ ಈ ಮಗೂನೂ ತೋರಿಸ್ತು, ಎಲ್ಲಾ ಸರಿ ಇದೆ ಅಂತ. ಯಂತ್ರಕ್ಕೇನು, ಸುಳ್ಳು ಹೇಳಿ ಆಗ್ಬೇಕಾದ್ದೇನಿದೆ?” ಅವಳು ಕಣ್ಣೊರೆಸಿಕೊಳ್ಳಲಿಲ್ಲ. ಕಣ್ಣು ಒಣಗಿಯೇ ಇತ್ತು. “ಇರ್ಬೇಕು. ನಾನೇ ಇಪ್ಪತ್ತು ಒತ್ತಿದೆ. ಬರ್ಕೊಳಿ. ಆಕೇನ ಕೊಂದಿದ್ದು ನಾನೇ.”

ಗುಮಾಸ್ತೆ ಪೆನ್ನು ಎತ್ತಿಕೊಂಡಳು.

ಮಸ್ತೂರಾ ಆ ಪೆನ್ನು ಕಾಗದದ ಮೇಲೆ ಮೊದಲ ಅಕ್ಷರ ಮೂಡಿಸುವುದನ್ನು ನೋಡಿದಳು, ಎರಡನೆಯದನ್ನು ನೋಡಿದಳು. ಪಕ್ಕದಲ್ಲಿ ಕೂತವಳ ಉಸಿರು ಕೇಳಿಸುತ್ತಿತ್ತು. ತಾನು ಒತ್ತಿದ್ದು ತನಗೇ ಗೊತ್ತಿಲ್ಲದಂತಾಗಿಹೋದ ಒಬ್ಬ ಹೆಂಗಸು. ಮಾಡದ್ದನ್ನು ಮಾಡಿದೆನೆಂದು ನಂಬಿಕೊಂಡು ಅವಳು ಇನ್ನು ಮನೆಗೆ ಹೋಗುತ್ತಾಳೆ, ಅದರ ಜೊತೆಗೇ ಮುದುಕಿಯಾಗುತ್ತಾಳೆ. ಬಾಸ್ ತಿಯೋ ಲ್ಯಾಪ್‌ಟಾಪ್ ಮುಚ್ಚುವಂತೆ ಕಣ್ಣಿನಲ್ಲೇ ಸನ್ನೆ ಮಾಡಿದ.

ಮಸ್ತೂರಾ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿದ್ದು ದೊಡ್ಡ ಸದ್ದಾಯಿತು, ಎಲ್ಲ ಮುಖಗಳೂ ಅವಳತ್ತ ತಿರುಗಿದವು. ದನಿ ನಡುಗಿತು, ಒಡೆಯಿತು, ಆದರೂ ಬಂತು.

“ಬರೀಬೇಡಿ. ಕಾಕ್ ಒತ್ತಿದ್ದು ಐವತ್ತೇ. ತಪ್ಪು ಪಂಪಿಂದು, ಅದನ್ನ ಮುಚ್ಚಿಟ್ಟಿದ್ದು ನಾನು.”